ಹದಿನೈದು ತುಂಬಿದ ‘ಎಂಟುನೂರು’: ಇಟ್ಟುಕೊಳ್ಳುವುದೋ, ಬಿಡುವುದೋ?

ಖಂಡೇಪೂಜೆಯ ದಿನ ಧಾರವಾಡದ ಓಣಿಗಳಲ್ಲಿ ಒಮ್ಮೆ ಅಡ್ಡಾಡಿ ಬರಬೇಕು. ಸೈಕಲ್ಲಿನಿಂದ ಹಿಡಿದು ಟ್ರ್ಯಾಕ್ಟರಿನ ತನಕ ಎಲ್ಲ ಗಾಡಿಗಳೂ ಮಿಂದು ಮಡಿಯುಟ್ಟವರಂತೆ ಸಾಲಾಗಿ ನಿಂತಿರುತ್ತವೆ. ಚೆಂಡುಹೂವಿನ ಮಾಲೆ, ಬಾನೆಟ್ಟಿನ ಮೇಲೆ ವಿಭೂತಿ-ಕುಂಕುಮ, ಎರಡೂ ಬದಿಗೆ ಬಾಳೆಯ ಕಂದು, ಗಾಲಿಯ ಕೆಳಗೆ ಲಿಂಬೆಹಣ್ಣು. ಹೊಸ ಹೊಸ ದೊಡ್ಡ ಕಾರುಗಳ ನಡುವೆ ಅಲ್ಲೊಂದು ಇಲ್ಲೊಂದು ಪುಟ್ಟ ಮಾರುತಿ 800 ಕಣ್ಣಿಗೆ ಬೀಳುತ್ತದೆ. ಬಣ್ಣ ಮಾಸಿದ್ದರೂ ಮಾಲೆ ಮಾತ್ರ ಎಲ್ಲಕ್ಕಿಂತ ದಪ್ಪ!

ಸಪ್ತಾಪುರದಲ್ಲಿಯೋ ಹುಬ್ಬಳ್ಳಿಯ ವಿದ್ಯಾನಗರದಲ್ಲಿಯೋ ಇಂಥದೊಂದು ಮನೆಯನ್ನು ಕಲ್ಪಿಸಿಕೊಳ್ಳಿ. ತಂದೆ ಕಚೇರಿಯೊಂದರಲ್ಲಿ ಗುಮಾಸ್ತರು. 2010ರಲ್ಲಿ ಸಾಲ ಮಾಡಿ ಕಾರು ಕೊಂಡರು. ಸಾಲ ತೀರಿತು, ಕಾರು ಉಳಿಯಿತು. ಅದರ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದ ಕೂಸು ಈಗ ಪಿ.ಯು. ಎರಡನೇ ವರ್ಷ. 2025ರಲ್ಲಿ ಕಾರಿನ ನೋಂದಣಿಗೆ 15 ವರ್ಷ ತುಂಬಿದೆ. ಮಗಳು ಕೇಳುತ್ತಾಳೆ: “ಅಪ್ಪಾ, ಇದನ್ನ ಗುಜರಿಗೆ ಹಾಕೂದೇನು?” ತಂದೆ ಉತ್ತರ ಕೊಡುವುದಿಲ್ಲ. ಬರುವ ವರ್ಷ ಆಕೆಯ ಕಾಲೇಜಿನ ಫೀ ಕಟ್ಟಬೇಕು. ಹೊಸ ಕಾರಿನ ಕಂತು ಮತ್ತು ಕಾಲೇಜಿನ ಫೀ ಎರಡೂ ಒಂದೇ ಪಗಾರದಲ್ಲಿ ಹೊಂದುವ ಮಾತಲ್ಲ. ಹಳೆಯ ಗಾಡಿಯನ್ನು ಇನ್ನೈದು ವರ್ಷ ಓಡಿಸಬಹುದೇ? ಓಡಿಸಿದರೆ ಅದು ಉಳಿತಾಯವೋ, ಅಪಾಯವೋ?

ಈ ಪ್ರಶ್ನೆ ಒಂದು ಮನೆಯದಲ್ಲ. ಇದಕ್ಕೆ ಉತ್ತರ ಪಂಚಾಂಗದಲ್ಲಿಲ್ಲ, ನೆರೆಮನೆಯವರ ಬಾಯಲ್ಲೂ ಇಲ್ಲ. ಹತ್ತನೆಯ ತರಗತಿಯ ವಿಜ್ಞಾನ ಮತ್ತು ಒಂದು ಇನ್ನೂರು ಪುಟದ ನೋಟುಬುಕ್ಕು ಇದ್ದರೆ ಉತ್ತರವನ್ನು ಮನೆಯಲ್ಲಿಯೇ ಕಂಡುಕೊಳ್ಳಬಹುದು.

ಗಾಳಿಯ ಮಗ ಬಂದ ಕಥೆ

ಒಂದು ಕಾಲಕ್ಕೆ ನಮ್ಮಲ್ಲಿ ಕಾರು ಎಂದರೆ ಅಂಬಾಸಿಡರ್ ಇಲ್ಲವೆ ಫಿಯಟ್. ಎರಡೂ ಭಾರವಾದ ಗಾಡಿಗಳು. ಡಾಕ್ಟರರು, ವಕೀಲರು, ಅಡತಿ ವ್ಯಾಪಾರಿಗಳನ್ನು ಬಿಟ್ಟರೆ ಉಳಿದವರಿಗೆ ಕಾರು ಮದುವೆಯ ದಿನ ಹತ್ತುವ ವಾಹನ ಅಷ್ಟೆ. ಸಣ್ಣ ಕಾರಿನ ಯತ್ನಗಳು ನಡೆಯದೇ ಇರಲಿಲ್ಲ. ಬೆಂಗಳೂರಿನ ಸಿಪಾನಿ ಕಂಪನಿ 1982ರಲ್ಲಿ ‘ಡಾಲ್ಫಿನ್’ ಎಂಬ ಎರಡು ಬಾಗಿಲಿನ ಪುಟ್ಟ ಕಾರನ್ನು ತಂದಿತು. ಅದರ ಮೈ ಕಬ್ಬಿಣದ್ದಲ್ಲ, ಫೈಬರ್ ಗಾಜಿನದು. ತುಕ್ಕು ಹಿಡಿಯುವ ಭಯವೇ ಇಲ್ಲ! ಆದರೆ ಕಾರು ಚೆನ್ನಾಗಿದ್ದರಷ್ಟೇ ಸಾಲದು, ಕೆಟ್ಟಾಗ ರಿಪೇರಿ ಮಾಡುವ ಕೈ ಮತ್ತು ಬಿಡಿಭಾಗ ಊರೂರಿಗೆ ಸಿಗಬೇಕು. ಅಷ್ಟು ದೊಡ್ಡ ಜಾಲ ಕಟ್ಟುವ ಬಲ ಸಣ್ಣ ಕಂಪನಿಗಳಿಗೆ ಇರಲಿಲ್ಲ.

ಸರಕಾರದ ಮಾರುತಿ ಉದ್ಯೋಗ ಸಂಸ್ಥೆ ಹುಟ್ಟಿದ್ದು 1981ರಲ್ಲಿ. ಮರುವರ್ಷ ಜಪಾನಿನ ಸುಜುಕಿ ಕಂಪನಿಯೊಡನೆ ಒಪ್ಪಂದವಾಯಿತು. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿ ಮೊದಲ ಕಾರಿನ ಕೀಲಿಯನ್ನು ಗ್ರಾಹಕರೊಬ್ಬರ ಕೈಗೆ ಕೊಟ್ಟರು. ಬೆಲೆ ಸುಮಾರು ಅರ್ಧ ಲಕ್ಷ ರೂಪಾಯಿ. ಮೂರು ಸಿಲಿಂಡರಿನ, 796 ಘನ ಸೆಂಟಿಮೀಟರ್ ಎಂಜಿನ್ನು. ಎಂಟುನೂರಕ್ಕೆ ನಾಲ್ಕೇ ಕಡಿಮೆ; ಹೆಸರಿನಲ್ಲಿರುವ 800 ಅಂದರೆ ಅದೇ. ಗಾಡಿಯ ತೂಕ ಸುಮಾರು 650 ಕಿಲೋ, ಅಂಬಾಸಿಡರಿನ ಅರ್ಧದ ಆಸುಪಾಸು. ಎಂಜಿನ್ನಿನ ಶಕ್ತಿ ಮುಂದಿನ ಗಾಲಿಗಳಿಗೇ ಸೇರುವುದರಿಂದ ನಡುವೆ ಉದ್ದನೆಯ ದಂಡ ಬೇಕಿಲ್ಲ, ಒಳಗೆ ಜಾಗ ಹೆಚ್ಚು. ಮಾರುತಿ ಎಂದರೆ ಗಾಳಿಯ ಮಗ ಆಂಜನೇಯ. ಹೆಸರಿಗೆ ತಕ್ಕಂತೆ ಹಗುರ, ಹೆಸರಿಗೆ ತಕ್ಕಂತೆ ಚುರುಕು.

1986ರಲ್ಲಿ ಅದರ ಮೈಕಟ್ಟು ಬದಲಾಯಿತು. 2000ದ ಹೊತ್ತಿಗೆ ಕಾರ್ಬೊರೇಟರಿನ ಬದಲು ಪೆಟ್ರೋಲನ್ನು ಅಳೆದು ಚಿಮ್ಮಿಸುವ ಇಂಜೆಕ್ಷನ್ ವ್ಯವಸ್ಥೆ ಬಂತು. 2010ರ ಏಪ್ರಿಲ್‌ನಲ್ಲಿ ಹೊಗೆಯ ನಿಯಮಗಳು ಬಿಗಿಯಾದಾಗ ದೇಶದ 13 ನಗರಗಳಲ್ಲಿ ಅದರ ಮಾರಾಟ ನಿಂತಿತು. ಆ ಪಟ್ಟಿಯಲ್ಲಿ ಬೆಂಗಳೂರು, ಪುಣೆ, ನಮ್ಮ ನೆರೆಯ ಸೊಲ್ಲಾಪುರ ಇದ್ದವು, ಹುಬ್ಬಳ್ಳಿ-ಧಾರವಾಡ ಇರಲಿಲ್ಲ. ಹೀಗಾಗಿ ರಾಜಧಾನಿಯವರಿಗೆ ಸಿಗದ ಹೊಸ 800 ನಮಗೆ ಇನ್ನೂ ಕೆಲಕಾಲ ಸಿಗುತ್ತಿತ್ತು. 2014ರ ಜನವರಿ 18ರಂದು ಅದರ ತಯಾರಿಕೆಯೇ ನಿಂತಿತು. ಅಷ್ಟರಲ್ಲಿ 25 ಲಕ್ಷಕ್ಕೂ ಹೆಚ್ಚು ಗಾಡಿಗಳು ತಯಾರಾಗಿದ್ದವು. ಆ ಕೊನೆಯ ವರ್ಷಗಳಲ್ಲಿ ಕೊಂಡ ಗಾಡಿಗಳಿಗೆ 2025ರಿಂದ ಒಂದೊಂದಾಗಿ 15 ತುಂಬುತ್ತ ಹೋಗುತ್ತದೆ. ನಮ್ಮ ಗುಮಾಸ್ತರ ಮನೆಯ ಚಿಂತೆಗೆ ಮೂಲ ಇಲ್ಲಿದೆ.

ಧಾರವಾಡದ ಹೊಸ್ತಿಲಿಗೆ ಬಂದ ನ್ಯಾನೋ

ಕಡಿಮೆ ಬೆಲೆಯ ಕಾರಿನ ಮಾತು ಬಂದಾಗ ಧಾರವಾಡದವರಿಗೆ ಇನ್ನೊಂದು ಹೆಸರು ನೆನಪಾಗದೆ ಇರದು. 2008ರ ಜನವರಿ 10ರಂದು ದೆಹಲಿಯ ವಾಹನ ಮೇಳದಲ್ಲಿ ರತನ್ ಟಾಟಾ ‘ನ್ಯಾನೋ’ ಕಾರನ್ನು ತೋರಿಸಿ ಒಂದು ಲಕ್ಷದ ಮಾತು ಕೊಟ್ಟರು. ಬಂಗಾಳದ ಸಿಂಗೂರಿನಲ್ಲಿ ಭೂಮಿಯ ವಿವಾದ ಬೆಳೆದು, ಅದೇ ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ ಕಂಪನಿ ಅಲ್ಲಿಂದ ಹೊರಬಿತ್ತು. ಆಗ ಕರ್ನಾಟಕ ಸರಕಾರ ಧಾರವಾಡದ ಹತ್ತಿರ ಜಾಗ ಕೊಡಲು ಮುಂದಾಯಿತು. ಟಾಟಾ ಅವರ ಬಸ್ಸಿನ ಕಾರ್ಖಾನೆ ಇಲ್ಲಿಗೆ ಬಂದಿದ್ದರಿಂದ ಆಸೆಗೆ ಆಧಾರವೂ ಇತ್ತು. ಊರಿನ ಚಹದ ಅಂಗಡಿಗಳಲ್ಲಿ ಕೆಲವು ದಿನ ಅದೇ ಮಾತು. ಕಡೆಗೆ ಕಾರ್ಖಾನೆ ಗುಜರಾತಿನ ಸಾನಂದಕ್ಕೆ ಹೋಯಿತು.

2009ರಲ್ಲಿ ರಸ್ತೆಗಿಳಿದ ನ್ಯಾನೋ ಒಂದು ಪಾಠವನ್ನು ಕಲಿಸಿತು. ಎರಡೇ ಸಿಲಿಂಡರಿನ 624 ಘನ ಸೆಂಟಿಮೀಟರ್ ಎಂಜಿನ್ನು, ಅದೂ ಹಿಂಭಾಗದಲ್ಲಿ. ಗಾಜು ಒರೆಸಲು ಒಂದೇ ವೈಪರು. ಗಾಲಿ ಹಿಡಿಯಲು ನಾಲ್ಕರ ಬದಲು ಮೂರೇ ನಟ್ಟು. ಬೆಲೆ ತಗ್ಗಿಸಲು ಎಂಜಿನಿಯರುಗಳು ಪಟ್ಟ ಶ್ರಮ ಮೆಚ್ಚುವಂಥದೇ. ಆದರೆ ‘ಅಗ್ಗದ ಕಾರು’ ಎಂಬ ಹೆಸರೇ ಅದಕ್ಕೆ ಮುಳುವಾಯಿತು. 2018ರ ಹೊತ್ತಿಗೆ ತಯಾರಿಕೆ ನಿಂತೇ ಹೋಯಿತು. ಜನ ಅಗ್ಗದ್ದನ್ನು ಬಯಸುತ್ತಾರೆ. ಅಗ್ಗದ್ದು ಎನಿಸಿಕೊಳ್ಳುವುದನ್ನು ಬಯಸುವುದಿಲ್ಲ. ಕಾರು ಕೊಳ್ಳುವಾಗ ನಮ್ಮ ಎಷ್ಟೋ ನಿರ್ಧಾರಗಳು ಲೆಕ್ಕದಿಂದಲ್ಲ, ಓಣಿಯವರ ಕಣ್ಣಿನಿಂದ ಆಗುತ್ತವೆ ಎಂಬುದನ್ನು ತಂದೆತಾಯಿಗಳು ಇಲ್ಲಿ ಗಮನಿಸಬೇಕು.

ಕೊಳ್ಳುವುದು ಒಂದು ಸಲ, ಸಾಕುವುದು ದಿನವೂ

ಕಾರಿನ ಖರ್ಚಿನಲ್ಲಿ ಎರಡು ಬಗೆ. ಗಾಡಿ ಓಡಲಿ, ಬಿಡಲಿ, ಬರುವ ಖರ್ಚು ಒಂದು. ಓಡಿದಷ್ಟೂ ಬೆಳೆಯುವ ಖರ್ಚು ಇನ್ನೊಂದು.

ಮೊದಲನೆಯದರಲ್ಲಿ ವಿಮೆ ಮುಖ್ಯ. 1000 ಘನ ಸೆಂಟಿಮೀಟರಿನ ಒಳಗಿನ ಎಂಜಿನ್ನಿನ ಕಾರಿಗೆ, ಎದುರಿನವರಿಗಾದ ಹಾನಿ ತುಂಬಿಕೊಡುವ ಕಡ್ಡಾಯ ವಿಮೆಯ ಕಂತನ್ನು 2022ರ ಜೂನ್ 1ರಿಂದ ವರ್ಷಕ್ಕೆ 2,094 ರೂಪಾಯಿ ಎಂದು ಗೊತ್ತುಪಡಿಸಲಾಯಿತು, ತೆರಿಗೆ ಬೇರೆ. ಹೊಗೆ ತಪಾಸಣೆಯ ಚೀಟಿಯನ್ನೂ ಕಾಲಕಾಲಕ್ಕೆ ಮಾಡಿಸಬೇಕು. ಆಮೇಲೆ ನೋಂದಣಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಗಾಡಿಯನ್ನು ಆರ್‌ಟಿಓ ಕಚೇರಿಗೆ ಒಯ್ದು ತೋರಿಸಿ, ಓಡಲು ಯೋಗ್ಯ ಎನಿಸಿಕೊಂಡರೆ ಮತ್ತೆ 5 ವರ್ಷದ ಆಯುಷ್ಯ. ಇದರ ಶುಲ್ಕ 2022ರ ಏಪ್ರಿಲ್ 1ರಂದು 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000 ಎಂದಾಯಿತು. ಶುಲ್ಕಗಳು ಬದಲಾಗುತ್ತಲೇ ಇರುವುದರಿಂದ ಹೋಗುವ ಮುನ್ನ ಕಚೇರಿಯಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ದೆಹಲಿಯಲ್ಲಿ ಹಳೆಯ ಗಾಡಿಗಳ ಮೇಲೆ ಹೇರಿದ ನಿರ್ಬಂಧದ ಸುದ್ದಿ ಓದಿ, ನಮ್ಮಲ್ಲಿಯೂ 15 ತುಂಬಿದೊಡನೆ ಗುಜರಿಗೆ ಹಾಕಲೇಬೇಕು ಎಂದು ಗಾಬರಿ ಬೀಳುವವರುಂಟು. ಹಾಗೇನಿಲ್ಲ. ಪರೀಕ್ಷೆಯಲ್ಲಿ ಪಾಸಾದ ಖಾಸಗಿ ಕಾರು ಇಲ್ಲಿ ಓಡಬಹುದು. ಈ ಗಾಬರಿಯನ್ನೇ ಬಂಡವಾಳ ಮಾಡಿಕೊಂಡು ಬಂದಷ್ಟಕ್ಕೆ ಗಾಡಿ ಕೇಳುವ ದಲ್ಲಾಳಿಗಳ ಬಗ್ಗೆ ಎಚ್ಚರವಿರಲಿ.

ಎರಡನೆಯ ಬಗೆಯ ಖರ್ಚಿಗೆ ನೋಟುಬುಕ್ಕು ಬೇಕು. ಮನೆಯ ವಿದ್ಯಾರ್ಥಿ ಇದನ್ನು ವಹಿಸಿಕೊಳ್ಳಲಿ. ಪೆಟ್ರೋಲು ಟಾಕಿ ತುಂಬ ಹಾಕಿಸಿದ ದಿನ ಮೀಟರಿನ ಅಂಕಿ ಬರೆದುಕೊಳ್ಳಿ, 48,250 ಎನ್ನೋಣ. ಮುಂದಿನ ಸಲ ಮತ್ತೆ ತುಂಬ ಹಾಕಿಸಿದಾಗ ಅಂಕಿ 48,642, ಹಿಡಿದ ಪೆಟ್ರೋಲು 24.5 ಲೀಟರ್. ಓಡಿದ್ದು 392 ಕಿಲೋಮೀಟರ್, 24.5ರಿಂದ ಭಾಗಿಸಿದರೆ ಲೀಟರಿಗೆ 16. ಈ ಒಂದು ಅಂಕಿ ಗಾಡಿಯ ನಾಡಿಯಿದ್ದಂತೆ. ತಿಂಗಳು ತಿಂಗಳು 16, 16, 15.5 ಎಂದು ಬರುತ್ತಿದ್ದುದು ಒಮ್ಮೆಲೇ 13ಕ್ಕೆ ಇಳಿದರೆ ಎಲ್ಲಿಯೋ ರೋಗವಿದೆ ಎಂದರ್ಥ. ಹವಾ ಕಡಿಮೆಯಾಗಿರಬಹುದು, ಏರ್ ಫಿಲ್ಟರ್ ಕಟ್ಟಿರಬಹುದು, ಬ್ರೇಕು ಹಿಡಿದುಕೊಂಡೇ ಇರಬಹುದು.

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗಿ ಬರಲು ಒಟ್ಟು 40 ಕಿಲೋಮೀಟರ್ ಎಂದು ಹಿಡಿಯಿರಿ. ಲೀಟರಿಗೆ 16ರಂತೆ ಎರಡೂವರೆ ಲೀಟರ್ ಪೆಟ್ರೋಲು. ಲೀಟರಿಗೆ 100 ರೂಪಾಯಿ ಎಂದರೂ 250 ರೂಪಾಯಿ. ಒಬ್ಬರೇ ದಿನವೂ ಹೀಗೆ ಹೋದರೆ ತಿಂಗಳ ಇಪ್ಪತ್ತೈದು ದಿನಕ್ಕೆ 6,250 ರೂಪಾಯಿ ಪೆಟ್ರೋಲಿಗೇ ಹೋಯಿತು. 2018ರಿಂದ ತಮ್ಮದೇ ಪ್ರತ್ಯೇಕ ದಾರಿಯಲ್ಲಿ ಓಡುತ್ತಿರುವ ಚಿಗರಿ ಬಸ್ಸುಗಳ ಟಿಕೆಟ್ಟಿಗೆ ಇದನ್ನು ಹೋಲಿಸಿ ನೋಡಿ. ಒಬ್ಬರಿಗೆ ಬಸ್ಸೇ ಅಗ್ಗ. ಆದರೆ ಮುಪ್ಪಿನ ಅಜ್ಜಿಯನ್ನು ನಡುರಾತ್ರಿ ಆಸ್ಪತ್ರೆಗೆ ಒಯ್ಯಬೇಕಾದಾಗ ಈ ಲೆಕ್ಕ ಯಾರೂ ಹಾಕುವುದಿಲ್ಲ. ದಿನದ ಓಡಾಟಕ್ಕೆ ಬಸ್ಸು, ಅಡಚಣೆಗೆ ಕಾರು ಎಂದು ಹಂಚಿಕೊಂಡ ಮನೆಯಲ್ಲಿ ಹಳೆಯ ಗಾಡಿ ಭಾರವಾಗುವುದಿಲ್ಲ.

ಏರಿನ ಲೆಕ್ಕ

ಧಾರವಾಡ ಹುಬ್ಬಳ್ಳಿಗಿಂತ ಎತ್ತರದಲ್ಲಿದೆ. “ಧಾರವಾಡಕ್ಕೆ ಹೋಗುವಾಗ ಪೆಟ್ರೋಲು ಜಾಸ್ತಿ ಕುಡಿಯುತ್ತದೆ” ಎಂಬ ಮಾತು ಎಷ್ಟು ನಿಜ? ಪರೀಕ್ಷಿಸೋಣ. ಜನರೂ ಸೇರಿ ಗಾಡಿಯ ತೂಕ 850 ಕಿಲೋ, ಏರಬೇಕಾದ ಎತ್ತರ 80 ಮೀಟರ್ ಎಂದು ಹಿಡಿದರೆ, ಬೇಕಾಗುವ ಶಕ್ತಿ 850 × 10 × 80, ಅಂದರೆ 6 ಲಕ್ಷ 80 ಸಾವಿರ ಜೂಲ್. ಒಂದು ಲೀಟರ್ ಪೆಟ್ರೋಲು ಉರಿದರೆ ಸುಮಾರು 3 ಕೋಟಿ 20 ಲಕ್ಷ ಜೂಲ್ ಶಾಖ ಬರುತ್ತದೆ. ಅದರಲ್ಲಿ ಗಾಲಿ ತಿರುಗಿಸಲು ಒದಗುವುದು ಹೆಚ್ಚೆಂದರೆ ಕಾಲು ಭಾಗ, 80 ಲಕ್ಷ ಜೂಲ್. ಉಳಿದದ್ದು ರೇಡಿಯೇಟರಿನಿಂದಲೂ ಹೊಗೆಯ ಕೊಳವೆಯಿಂದಲೂ ಗಾಳಿಗೆ ಹೋಗುತ್ತದೆ. ಅಂದಮೇಲೆ ಏರಿಗೆ ಹೆಚ್ಚಿಗೆ ಬೇಕಾಗುವ ಪೆಟ್ರೋಲು 85 ಮಿಲಿಲೀಟರ್, ಒಂದು ಕಪ್ ಚಹದಷ್ಟು! ಮಾತು ನಿಜ; ಆದರೆ ಅದು ದೂರುವಷ್ಟು ದೊಡ್ಡದಲ್ಲ. ಚನ್ನಮ್ಮ ಸರ್ಕಲ್ಲಿನ ದಟ್ಟಣೆಯಲ್ಲಿ ಅರ್ಧ ಕ್ಲಚ್ಚು ಒತ್ತಿಕೊಂಡು ಮತ್ತೆ ಮತ್ತೆ ನಿಂತು ಹೊರಡುವುದರಲ್ಲಿ ಇದಕ್ಕಿಂತ ಹೆಚ್ಚು ಪೋಲಾಗುತ್ತದೆ, ಜೊತೆಗೆ ಕ್ಲಚ್ಚಿನ ತಟ್ಟೆಯೂ ಸವೆಯುತ್ತದೆ.

ಹವಾ, ನೀರು, ಆಯಿಲ್

“ಗಾಡಿ ಏನು ಕೇಳತೈತಿ? ಹವಾ, ನೀರು, ಆಯಿಲ್. ಇಷ್ಟ ನೋಡಿಕೊಂಡ್ರ ಆತು.” ಹುಬ್ಬಳ್ಳಿಯ ಯಾವ ಗ್ಯಾರೇಜಿನ ಮಿಸ್ತ್ರಿಯೂ ಹೇಳಬಹುದಾದ ಮಾತಿದು. ಈ ಮೂರು ಪದಗಳಲ್ಲಿ ಅರ್ಧ ಭೌತಶಾಸ್ತ್ರ ಅಡಗಿದೆ.

ಮೊದಲು ಹವಾ. ಕಾರಿನ ಭಾರವೆಲ್ಲ ನೆಲವನ್ನು ಮುಟ್ಟುವುದು ನಾಲ್ಕು ಅಂಗೈಯಗಲದ ಜಾಗದಲ್ಲಿ ಮಾತ್ರ. ಹವಾ ಕಡಿಮೆಯಾದರೆ ಟೈರಿನ ಬದಿಗಳು ಪ್ರತಿ ಸುತ್ತಿಗೂ ಮಡಚಿ ಬಿಚ್ಚಿಕೊಂಡು ಕಾಯುತ್ತವೆ. ಕಾಯ್ದ ರಬ್ಬರು ಬೇಗ ಸೋಲುತ್ತದೆ. ಬೇಸಿಗೆಯ ಮಧ್ಯಾಹ್ನ ಹೆದ್ದಾರಿಯಲ್ಲಿ ಟೈರು ಸಿಡಿಯುವುದಕ್ಕೆ ಬಹಳ ಸಲ ಕಾರಣ ಹೆಚ್ಚಾದ ಹವೆಯಲ್ಲ, ಕಡಿಮೆಯಾದ ಹವೆ. ಬಿಸಿಯಾದ ಗಾಳಿಯ ಒತ್ತಡ ಏರುವುದರಿಂದ ಹವೆಯನ್ನು ಬೆಳಿಗ್ಗೆ ಟೈರು ತಣ್ಣಗಿದ್ದಾಗಲೇ ನೋಡಬೇಕು. ಸ್ಟೆಪ್ನಿಯನ್ನು ಮರೆಯಬಾರದು.

ಟೈರಿನ ಬದಿಯ ಮೇಲೆ ನಾಲ್ಕು ಅಂಕಿಗಳ ಒಂದು ಗುರುತಿರುತ್ತದೆ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ವಿದ್ಯಾರ್ಥಿಗಳು ತಮ್ಮ ಮನೆಯ ಗಾಡಿಯ ಟೈರುಗಳ ಹುಟ್ಟಿದ ದಿನ ಇಂದೇ ಹುಡುಕಬಹುದು. ಓಡದೆ ನಿಂತ ಗಾಡಿಯ ರಬ್ಬರೂ ಬಿಸಿಲು ಗಾಳಿಗೆ ಬಿರುಕು ಬಿಡುತ್ತದೆ. ಹಲ್ಲಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದರೆ ಆ ಟೈರನ್ನು ಬದಲಿಸಲೇಬೇಕು. ಧಾರವಾಡದ ಮುಂಗಾರಿನಲ್ಲಿ ರಸ್ತೆಯ ಮೇಲಿನ ನೀರನ್ನು ಬದಿಗೆ ತಳ್ಳುವುದು ಈ ಹಲ್ಲುಗಳೇ. ಅವು ಇಲ್ಲದಿದ್ದರೆ ಗಾಡಿ ನೀರಿನ ಪದರದ ಮೇಲೆ ಜಾರುತ್ತದೆ.

ಹವಾ ಎಂದರೆ ಎಂಜಿನ್ನು ಉಸಿರಾಡುವ ಗಾಳಿಯೂ ಹೌದು. ಒಂದು ಕಿಲೋ ಪೆಟ್ರೋಲು ಉರಿಯಲು ಹದಿನಾಲ್ಕೂವರೆ ಕಿಲೋಕ್ಕೂ ಹೆಚ್ಚು ಗಾಳಿ ಬೇಕು. ಲೀಟರಿನ ಲೆಕ್ಕದಲ್ಲಿ ಹೇಳಿದರೆ ಒಂದು ಲೀಟರ್ ಪೆಟ್ರೋಲಿಗೆ ಸುಮಾರು ಒಂಬತ್ತು ಸಾವಿರ ಲೀಟರ್ ಗಾಳಿ! ಎರೆಮಣ್ಣಿನ ಸೀಮೆಯ ಬೇಸಿಗೆಯ ಧೂಳು ಆ ಗಾಳಿಯಲ್ಲಿ ಎಷ್ಟಿರಬಹುದು ಊಹಿಸಿ. ಕಾಗದದ ಫಿಲ್ಟರು ಅದನ್ನೆಲ್ಲ ತಡೆಯುತ್ತದೆ. ಕೈಪಿಡಿಯಲ್ಲಿ ಹೇಳಿದ ಗಡುವಿಗಿಂತ ಮೊದಲೇ ಅದನ್ನು ತೆಗೆದು ನೋಡುವುದು ಇಲ್ಲಿಯವರಿಗೆ ಅಗತ್ಯ.

ಇನ್ನು ನೀರು. ರೇಡಿಯೇಟರಿನ ಮುಚ್ಚಳ ಅಡುಗೆಮನೆಯ ಕುಕ್ಕರಿನ ಮುಚ್ಚಳದಂತೆ ಒತ್ತಡವನ್ನು ಹಿಡಿದಿಡುತ್ತದೆ. ಒತ್ತಡ ಹೆಚ್ಚಿದಂತೆ ಕುದಿಯುವ ಬಿಂದುವೂ ಏರುವುದರಿಂದ ಒಳಗಿನ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಗಾಡಿ ಕಾಯ್ದಿತೆಂದು ದಾರಿಯಲ್ಲಿ ನಿಲ್ಲಿಸಿ ಆ ಮುಚ್ಚಳ ತೆಗೆದರೆ ಒತ್ತಡ ಒಮ್ಮೆಲೇ ಇಳಿದು ನೀರೆಲ್ಲ ಉಕ್ಕಿ ಮುಖಕ್ಕೆ ರಾಚುತ್ತದೆ. ಅರ್ಧ ತಾಸು ಕಾಯುವ ತಾಳ್ಮೆ ಕಣ್ಣನ್ನು ಉಳಿಸುತ್ತದೆ. ಬರೀ ಬೋರಿನ ನೀರು ತುಂಬಿಸುವ ರೂಢಿಯೂ ತಪ್ಪು. ಬೋರಿನ ಗಡಸು ನೀರು ಹಂಡೆಯಲ್ಲಿ ಬಿಳಿ ಪದರ ಕಟ್ಟುವುದನ್ನು ನೀವು ನೋಡಿಲ್ಲವೆ? ರೇಡಿಯೇಟರಿನ ಸಣ್ಣ ನಾಳಗಳಲ್ಲೂ ಅದೇ ಕಟ್ಟುತ್ತದೆ. ಕೂಲಂಟು ಬೆರೆಸಿದ ಶುದ್ಧ ನೀರೇ ಸರಿ.

ಆಯಿಲ್ ಎಂಜಿನ್ನಿಗೆ ನುಣುಪು ಕೊಡುತ್ತದೆ, ಶಾಖ ಒಯ್ಯುತ್ತದೆ, ಕಸ ತೊಳೆಯುತ್ತದೆ. “ನಮ್ಮ ಗಾಡಿ ಓಡುವುದೇ ಕಡಿಮೆ, ಆಯಿಲ್ ಯಾಕೆ ಬದಲಿಸಬೇಕು?” ಎನ್ನುವವರು ಬಹಳ. ಆದರೆ ಮನೆಯಿಂದ ಶಾಲೆಗೆ, ಶಾಲೆಯಿಂದ ಮಾರ್ಕೆಟ್ಟಿಗೆ ಎಂದು ಎರಡು ಮೂರು ಕಿಲೋಮೀಟರ್ ಓಡಿ ನಿಲ್ಲುವ ಗಾಡಿಯಲ್ಲಿ ಎಂಜಿನ್ನು ಪೂರಾ ಬಿಸಿಯಾಗುವುದೇ ಇಲ್ಲ. ಪೆಟ್ರೋಲು ಉರಿದಾಗ ಹುಟ್ಟುವ ನೀರಿನ ಆವಿ ಹೊರಹೋಗದೆ ಆಯಿಲ್ಲಿನಲ್ಲಿ ಸೇರುತ್ತದೆ. ಆದ್ದರಿಂದ ಕಿಲೋಮೀಟರ್ ತುಂಬದಿದ್ದರೂ ವರ್ಷಕ್ಕೊಮ್ಮೆ ಆಯಿಲ್ ಬದಲಾಗಬೇಕು. ಎಂಜಿನ್ನಿನ ಬದಿಯಲ್ಲಿರುವ ಟೈಮಿಂಗ್ ಬೆಲ್ಟೂ ರಬ್ಬರಿನದೇ. ಅದು ಕಡಿದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಹಳೆಯ ಗಾಡಿ ಕೊಳ್ಳುವವರು ಅದನ್ನು ಯಾವಾಗ ಬದಲಿಸಿದ್ದಾರೆಂದು ಕೇಳುವುದನ್ನು ಮರೆಯಬಾರದು.

ಬ್ಯಾಟರಿ, ತುಕ್ಕು: ರಸಾಯನಶಾಸ್ತ್ರದ ಎರಡು ಪಾಠ

ಹನ್ನೆರಡು ವೋಲ್ಟಿನ ಬ್ಯಾಟರಿಯಲ್ಲಿ ತಲಾ ಎರಡು ವೋಲ್ಟಿನ ಆರು ಕೋಶಗಳಿವೆ. ಸೀಸದ ತಟ್ಟೆಗಳು, ನಡುವೆ ಗಂಧಕಾಮ್ಲ. ಮುಚ್ಚಳ ತೆಗೆಯಲು ಬರುವ ಬ್ಯಾಟರಿಯಲ್ಲಿ ನೀರು ತಗ್ಗಿದರೆ ಬಟ್ಟಿ ಇಳಿಸಿದ ನೀರನ್ನಷ್ಟೇ ಹಾಕಬೇಕು, ಆಮ್ಲವನ್ನಲ್ಲ. ಚಾರ್ಜ್ ಆಗುವಾಗ ಜಲಜನಕ ಹೊರಡುವುದರಿಂದ ಅದರ ಹತ್ತಿರ ಬೀಡಿ, ಬೆಂಕಿಕಡ್ಡಿ ಕೂಡದು. ತುದಿಗಳಲ್ಲಿ ಬೆಳೆಯುವ ಬಿಳಿ-ಹಸಿರು ಬೂಷ್ಟನ್ನು ಅಡುಗೆಸೋಡಾ ಕದಡಿದ ಬಿಸಿನೀರಿನಿಂದ ತೊಳೆದು ಒರೆಸಿ ತೆಳುವಾಗಿ ವ್ಯಾಸಲೀನು ಹಚ್ಚಿದರೆ ಸಾಕು. ಆಮ್ಲಕ್ಕೆ ಪ್ರತ್ಯಾಮ್ಲ, ಪ್ರಯೋಗಶಾಲೆಯ ಪಾಠವೇ.

ತುಕ್ಕು ಹಿಡಿಯಲು ಕಬ್ಬಿಣಕ್ಕೆ ಗಾಳಿ ಮತ್ತು ನೀರು ಎರಡೂ ಬೇಕು. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ತಿಂಗಳುಗಟ್ಟಲೆ ಎರಡೂ ಸಿಗುತ್ತವೆ. ಮೋಸಗೊಳಿಸುವ ಜಾಗ ಹೊರಗಿಲ್ಲ, ಒಳಗಿದೆ. ಒದ್ದೆ ಚಪ್ಪಲಿಯ ನೀರು ಕಾಲುಹಾಸಿಗೆಯ ಕೆಳಗೆ ಇಳಿದು ತಳದ ತಗಡನ್ನು ಸದ್ದಿಲ್ಲದೆ ತಿನ್ನುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಹಾಸಿಗೆ ಎತ್ತಿ ಒಣಗಿಸುವುದಕ್ಕೆ ದುಡ್ಡು ಬೇಕಿಲ್ಲ. ತಳ ತೂತಾದ ಗಾಡಿಯನ್ನು ಮಾತ್ರ ಎಷ್ಟು ಬಣ್ಣ ಬಳಿದರೂ ಇಟ್ಟುಕೊಳ್ಳಬಾರದು. ಅಪಘಾತವಾದಾಗ ಏಟು ತಡೆಯಬೇಕಾದದ್ದು ಬಣ್ಣವಲ್ಲ, ತಗಡು.

ಹಳೆಯ ಎಂಜಿನ್ನಿಗೆ ಹೊಸ ಪೆಟ್ರೋಲು

2023ರಿಂದ ದೇಶದ ಬಂಕುಗಳಲ್ಲಿ ನೂರಕ್ಕೆ 20 ಪಾಲು ಎಥೆನಾಲ್ ಬೆರೆತ ಪೆಟ್ರೋಲು ಬರತೊಡಗಿತು. ಎಥೆನಾಲ್ ಕಬ್ಬಿನಿಂದಲೂ ಧಾನ್ಯದಿಂದಲೂ ಬರುವ ಮದ್ಯಸಾರ. ಬೆಳಗಾವಿ, ಬಾಗಲಕೋಟೆಗಳ ಸಕ್ಕರೆ ಸೀಮೆಯ ರೈತನಿಗೆ ಅದರಿಂದ ಲಾಭವುಂಟು. ಆದರೆ ಲೀಟರಿಗೆ ಲೀಟರ್ ಹೋಲಿಸಿದರೆ ಎಥೆನಾಲಿನ ಶಕ್ತಿ ಪೆಟ್ರೋಲಿನ ಮೂರನೇ ಎರಡು ಭಾಗ. ಐದನೇ ಒಂದು ಪಾಲು ಬೆರೆಸಿದಾಗ ಒಟ್ಟು ಶಕ್ತಿ ನೂರಕ್ಕೆ ಆರೇಳರಷ್ಟು ತಗ್ಗುತ್ತದೆ. ನೋಟುಬುಕ್ಕಿನ 16 ಕ್ರಮೇಣ 15ಕ್ಕೆ ಇಳಿದಿದ್ದರೆ ಮಿಸ್ತ್ರಿಯನ್ನು ಬೈಯುವ ಮುನ್ನ ಇದನ್ನು ನೆನೆಯಬೇಕು.

ಎಥೆನಾಲಿಗೆ ಎರಡು ಗುಣಗಳಿವೆ. ಅದು ನೀರನ್ನು ಹೀರಿಕೊಳ್ಳುತ್ತದೆ. ಹಳೆಯ ಕಾಲದ ಕೆಲವು ಬಗೆಯ ರಬ್ಬರನ್ನು ಮೆತ್ತಗಾಗಿಸುತ್ತದೆ. ಆದ್ದರಿಂದ ತಿಂಗಳುಗಟ್ಟಲೆ ಗಾಡಿ ನಿಲ್ಲಿಸಿಡುವವರು ವಾರಕ್ಕೊಮ್ಮೆಯಾದರೂ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಬೇಕು. ಪೆಟ್ರೋಲಿನ ರಬ್ಬರ್ ನಳಿಕೆಗಳನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ, ಬಿರುಕು, ಊತ ಅಥವಾ ಪೆಟ್ರೋಲಿನ ವಾಸನೆ ಕಂಡರೆ ಕೂಡಲೇ ಬದಲಿಸಬೇಕು. ಈ ಸಣ್ಣ ನಳಿಕೆಯ ಬಗ್ಗೆ ಉದಾಸೀನ ಮಾಡಿದರೆ ಬೆಂಕಿಯ ಭಯವಿದೆ.

ಓಡುವುದಕ್ಕಿಂತ ನಿಲ್ಲುವುದು ಮುಖ್ಯ

ಇಷ್ಟೆಲ್ಲ ಗಾಡಿ ಓಡುವ ಮಾತಾಯಿತು. ಮನೆಯವರು ನಿಜವಾಗಿ ಚಿಂತಿಸಬೇಕಾದದ್ದು ನಿಲ್ಲುವ ಮಾತು.

ಗಂಟೆಗೆ 40 ಕಿಲೋಮೀಟರ್ ವೇಗ ಎಂದರೆ ಸೆಕೆಂಡಿಗೆ 11 ಮೀಟರ್. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಬೇಕು. ಅಷ್ಟರಲ್ಲಿ 11 ಮೀಟರ್ ಹೋಯಿತು. ಒಳ್ಳೆಯ ಬ್ರೇಕು, ಒಣ ರಸ್ತೆ ಇದ್ದರೆ ಮುಂದಿನ 10 ಮೀಟರಿನಲ್ಲಿ ಗಾಡಿ ನಿಲ್ಲುತ್ತದೆ. ಒಟ್ಟು 21 ಮೀಟರ್. ವೇಗ 80 ಆದರೆ? ಆ ಸೆಕೆಂಡಿನಲ್ಲಿ 22 ಮೀಟರ್. ಆಮೇಲಿನ ದೂರ ಎರಡು ಪಟ್ಟಲ್ಲ, ನಾಲ್ಕು ಪಟ್ಟು: 41 ಮೀಟರ್. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದೇ ಇದಕ್ಕೆ ಕಾರಣ. ಒಟ್ಟು 63 ಮೀಟರ್! ಸವೆದ ಟೈರು, ಒದ್ದೆ ರಸ್ತೆ, ಹಳೆಯ ಬ್ರೇಕ್ ಆಯಿಲ್ ಸೇರಿದರೆ ಇನ್ನೂ ಹೆಚ್ಚು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಬ್ರೇಕು ಕಾಯ್ದಾಗ ಆ ನೀರು ಆವಿಯಾಗಿ ಪೆಡಲು ಮೆತ್ತಗೆ ಒಳಗಿಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸುವ ಖರ್ಚು ಒಂದು ಹಬ್ಬದ ಬಟ್ಟೆಯ ಖರ್ಚಿಗಿಂತ ಹೆಚ್ಚಿಲ್ಲ.

2021ರ ಜನವರಿ 15ರ ಬೆಳಗ್ಗೆ ಇಟಿಗಟ್ಟಿಯ ಹತ್ತಿರ ಬೈಪಾಸಿನಲ್ಲಿ ನಡೆದ ಅಪಘಾತವನ್ನು ಅವಳಿ ನಗರ ಮರೆತಿಲ್ಲ. ದಾವಣಗೆರೆಯಿಂದ ಹೊರಟಿದ್ದ ಗೆಳತಿಯರ ವಾಹನ ಟಿಪ್ಪರಿಗೆ ಎದುರಾಬದುರು ಡಿಕ್ಕಿ ಹೊಡೆದು ಹತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಎರಡೂ ಕಡೆಯ ಹೆದ್ದಾರಿ ಅಗಲವಾಗಿದ್ದಾಗ ನಡುವಿನ ಬೈಪಾಸು ಇಕ್ಕಟ್ಟಾಗಿಯೇ ಉಳಿದಿತ್ತು. ರಸ್ತೆಯನ್ನು ಅಗಲಿಸುವ ಕೆಲಸವನ್ನು ಆಮೇಲೆ ಕೈಗೆತ್ತಿಕೊಳ್ಳಲಾಯಿತು. ಆದರೆ ರಸ್ತೆ ಅಗಲವಾದ ಮಾತ್ರಕ್ಕೆ ಹಳೆಯ ಪುಟ್ಟ ಕಾರು ಗಟ್ಟಿಯಾಗುವುದಿಲ್ಲ.

ಇಲ್ಲಿ ಸತ್ಯವನ್ನು ಮುಚ್ಚಿಡುವುದು ಸಲ್ಲದು. ಮಾರುತಿ 800ರಲ್ಲಿ ಏಟು ಬಿದ್ದಾಗ ಉಬ್ಬಿ ಕಾಯುವ ಗಾಳಿಚೀಲವಿಲ್ಲ, ಗಾಲಿ ಜಾರದಂತೆ ತಡೆಯುವ ಬ್ರೇಕಿನ ವ್ಯವಸ್ಥೆಯೂ ಇಲ್ಲ. ಇವು ಹೊಸ ಕಾರುಗಳಿಗೆ ಕಡ್ಡಾಯವಾದದ್ದು 2019ರಲ್ಲಿ. 2014ರ ಜನವರಿಯಲ್ಲಿ ‘ಗ್ಲೋಬಲ್ ಎನ್‌ಕ್ಯಾಪ್’ ಸಂಸ್ಥೆ ಭಾರತದ ಐದು ಸಣ್ಣ ಕಾರುಗಳನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಡಿಕ್ಕಿ ಹೊಡೆಸಿ ಪರೀಕ್ಷಿಸಿತು. ಅವುಗಳಲ್ಲಿ ಆಲ್ಟೋ 800, ನ್ಯಾನೋ ಎರಡೂ ಇದ್ದವು. ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ಸಿಕ್ಕ ನಕ್ಷತ್ರ: ಸೊನ್ನೆ. ಇವಕ್ಕಿಂತ ಹಿಂದಿನ ವಿನ್ಯಾಸದ 800ರಿಂದ ಹೆಚ್ಚಿನದನ್ನು ನಿರೀಕ್ಷಿಸುವುದು ಸರಿಯಲ್ಲ.

ಹಾಗಾದರೆ ಏನು ಮಾಡಬೇಕು?

ಉತ್ತರ ‘ಇಟ್ಟುಕೊಳ್ಳಿ’ ಅಥವಾ ‘ಬಿಡಿ’ ಎಂಬ ಒಂದೇ ಮಾತಲ್ಲ. ಮೊದಲು ಗಾಡಿಯನ್ನು ಎತ್ತಿಸಿ ತಳ ನೋಡಿ. ತಳದ ತಗಡು, ಸ್ಟಿಯರಿಂಗಿನ ಕೀಲುಗಳು, ಬ್ರೇಕಿನ ಕೊಳವೆಗಳು ತುಕ್ಕು ತಿಂದಿದ್ದರೆ ಚರ್ಚೆ ಅಲ್ಲಿಗೆ ಮುಗಿಯಿತು. ನೋಂದಾಯಿತ ಗುಜರಿ ಕೇಂದ್ರಕ್ಕೆ ಕೊಟ್ಟು ಪ್ರಮಾಣಪತ್ರ ಪಡೆದುಕೊಳ್ಳಿ. ಬರಿಗೈಲಿ ಯಾರಿಗೋ ಕೊಟ್ಟರೆ ನಾಳೆ ಆ ನಂಬರಿನ ತಾಪತ್ರಯ ನಿಮಗೇ.

ತಳ ಗಟ್ಟಿಯಿದ್ದರೆ ನೋಟುಬುಕ್ಕು ತೆಗೆಯಿರಿ. ಐದು ವರ್ಷಕ್ಕೆ ಬೇಕಾಗುವ ನೋಂದಣಿ ಶುಲ್ಕ, ವಿಮೆ, ನಾಲ್ಕು ಹೊಸ ಟೈರು, ಒಂದು ಬ್ಯಾಟರಿ, ಕ್ಲಚ್ಚು, ಬ್ರೇಕು ಎಲ್ಲವನ್ನೂ ಬರೆದು ಕೂಡಿಸಿ 60 ತಿಂಗಳಿಗೆ ಭಾಗಿಸಿ. ಬಂದ ಮೊತ್ತವನ್ನು ಹೊಸ ಕಾರಿನ ತಿಂಗಳ ಕಂತಿನೊಡನೆ ಹೋಲಿಸಿ. ಬಹಳ ಮನೆಗಳಲ್ಲಿ ಹಳೆಯ ಗಾಡಿಯೇ ಗೆಲ್ಲುತ್ತದೆ. ಆದರೆ ಗೆದ್ದ ಗಾಡಿಗೆ ಮನೆಯವರು ಒಂದು ಕಟ್ಟಳೆ ಹಾಕಬೇಕು: ಊರೊಳಗೆ, ಮಿತವಾದ ವೇಗದಲ್ಲಿ, ನಾಲ್ಕೇ ಜನ, ಎಲ್ಲರೂ ಬೆಲ್ಟು ಕಟ್ಟಿಕೊಂಡು. ಹೆದ್ದಾರಿಯ ರಾತ್ರಿ ಪ್ರಯಾಣಕ್ಕೆ ರೈಲಿದೆ, ಬಸ್ಸಿದೆ. ಉಳಿದ ಹಣ ಕಾಲೇಜಿನ ಫೀಗೆ. ಈ ಕಟ್ಟಳೆ ಪಾಲಿಸಲು ಆಗದು, ತಿಂಗಳಿಗೆರಡು ಸಲ ಹೆದ್ದಾರಿ ಹಿಡಿಯಲೇಬೇಕು ಎನ್ನುವವರು ಗಾಳಿಚೀಲವಿರುವ ಗಾಡಿಗೆ ಹೋಗುವುದೇ ಮೇಲು. ಹೊಸದು ಬೇಡವಾದರೆ 2019ರ ನಂತರದ ಒಂದು ಹಳೆಯ ಕಾರಾದರೂ ಸರಿ. ಅಲ್ಲಿ ಉಳಿತಾಯದ ಮಾತು ಎರಡನೆಯದು.

ಗುಮಾಸ್ತರ ಮಗಳ ಪ್ರಶ್ನೆಗೆ ಉತ್ತರ ಆಕೆಯ ಕೈಯಲ್ಲಿಯೇ ಇದೆ. ಬರುವ ಖಂಡೇಪೂಜೆಗೆ ಪಾನಾ, ಜ್ಯಾಕುಗಳ ಪಕ್ಕದಲ್ಲಿ ಆ ನೋಟುಬುಕ್ಕನ್ನೂ ಇಟ್ಟು ಕುಂಕುಮ ಹಚ್ಚಲಿ. ಒಂದು ದಿನ ಮಾಲೆ ಹಾಕಿಸಿಕೊಳ್ಳುವ ಗಾಡಿ ಉಳಿದ ದಿನಗಳಲ್ಲಿ ಹೇಗಿತ್ತು ಎಂಬುದು ಅದರಲ್ಲಿ ಬರೆದಿರುತ್ತದೆ.